ಕಾರ್ಲ್ಟನ್ ಚಾಪ್‌ಮನ್: ಮಿಡ್‌ಫೀಲ್ಡ್‌ನಿಂದ ತರಬೇತುದಾರನ ಪೀಠಕ್ಕೆ

ಭಾರತ ಫುಟ್‌ಬಾಲ್ ತಂಡದ ನಾಯಕತ್ವ ವಹಿಸಿದ್ದ ಕನ್ನಡ ನಾಡಿನ ಆಟಗಾರ ಕಾರ್ಲ್ಟನ್ ಚಾಪ್‌ಮನ್ (1971-2020). ಕ್ರಿಕೆಟಿಗರ ಜಾತಕವನ್ನೆಲ್ಲ ಬಾಯಿಪಾಠ ಒಪ್ಪಿಸುವ ರಾಜ್ಯದ ಕ್ರೀಡಾಭಿಮಾನಿಗಳಿಗೆ ಈ ಹೆಸರು ಇನ್ನಷ್ಟು ಪರಿಚಿತವಾಗಬೇಕಿತ್ತು.

ಆಂಗ್ಲೋ ಇಂಡಿಯನ್ ಸಮುದಾಯದ ಚಾಪ್‌ಮನ್ 1971ರ ಏಪ್ರಿಲ್ 13ರಂದು ಬೆಂಗಳೂರಿನಲ್ಲಿ ಜನಿಸಿದರು. ನಗರದ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಆಟ ಕಲಿತು, ಸದರ್ನ್ ಬ್ಲೂಸ್ ಕ್ಲಬ್‌ನಲ್ಲಿ ಆಡಿದರು. ಬಳಿಕ ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. ಫುಟ್‌ಬಾಲನ್ನೇ ಬದುಕಾಗಿಸಿಕೊಳ್ಳಬಯಸಿದ ಬೆಂಗಳೂರಿನ ಹುಡುಗರು ಆ ಕಾಲದಲ್ಲಿ ಕೋಲ್ಕತಾದತ್ತ ಮುಖ ಮಾಡುವುದು ವಾಡಿಕೆಯಾಗಿತ್ತು. 1993ರಲ್ಲಿ ಚಾಪ್‌ಮನ್ ಕೂಡ ಈಸ್ಟ್ ಬೆಂಗಾಲ್ ಸೇರಿದರು.

ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್ ಟೂರ್ನಿಯಲ್ಲಿ ಇರಾಕ್‌ನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2 ಗೋಲುಗಳಿಂದ ಸದೆಬಡಿಯಿತು. ಅದರಲ್ಲಿ ಮೂರು ಗೋಲು ಚಾಪ್‌ಮನ್ ಅವರವು. ಮಿಡ್‌ಫೀಲ್ಡ್ ಆಟಗಾರನೊಬ್ಬ ಇಂತಹ ಪಂದ್ಯದಲ್ಲಿ ಹ್ಯಾಟ್ರಿಕ್ ಗಳಿಸುವುದು ಸಣ್ಣ ಮಾತಲ್ಲ. 1995ರಲ್ಲಿ ಪಂಜಾಬಿನ ಜೆಸಿಟಿ ಸೇರಿದ ಅವರು ಅಲ್ಲಿ ಐ.ಎಂ. ವಿಜಯನ್ ಮತ್ತು ಬೈಚುಂಗ್ ಭುಟಿಯಾ ಅವರ ಹಿಂದೆ ನಿಂತು ಆಟ ಕಟ್ಟಿದರು. 1996-97ರಲ್ಲಿ ಆರಂಭವಾದ ರಾಷ್ಟ್ರೀಯ ಫುಟ್‌ಬಾಲ್ ಲೀಗ್‌ನ ಚೊಚ್ಚಲ ಪ್ರಶಸ್ತಿ ಜೆಸಿಟಿ ಪಾಲಾಯಿತು. ಮುಂದೆ ಎಫ್‌ಸಿ ಕೊಚಿನ್‌ನಲ್ಲಿ ಒಂದು ಋತು ಕಳೆದು, 1998ರಲ್ಲಿ ಈಸ್ಟ್ ಬೆಂಗಾಲ್‌ಗೆ ಮರಳಿದರು. 2000-01ರಲ್ಲಿ ಅವರ ನಾಯಕತ್ವದಲ್ಲಿಯೇ ಆ ತಂಡ ಲೀಗ್ ಗೆದ್ದಿತು. ಗೆದ್ದ ವರ್ಷವೇ, ಮೂವತ್ತರ ಹರೆಯದಲ್ಲಿ, ಚಾಪ್‌ಮನ್ ಆಟಕ್ಕೆ ವಿದಾಯ ಹೇಳಿದರು.

ನಂತರದ್ದು ತರಬೇತಿಯ ಹಾದಿ. ತಾವು ಕಲಿತ ಟಾಟಾ ಅಕಾಡೆಮಿಯಲ್ಲಿಯೇ ಎಳೆಯರಿಗೆ ಪಾಠ ಹೇಳಲಾರಂಭಿಸಿದರು. ಬಳಿಕ ಶಿಲ್ಲಾಂಗ್‌ನ ರಾಯಲ್ ವಾಹಿಂಗ್ಡೋ ಕ್ಲಬ್‌ನ ಹೊಣೆ ಹೊತ್ತರು. ಆಗಿನ್ನೂ ರಾಷ್ಟ್ರಮಟ್ಟದಲ್ಲಿ ಅಷ್ಟಾಗಿ ಹೆಸರಿಲ್ಲದಿದ್ದ ಆ ತಂಡ ಅವರ ಅವಧಿಯಲ್ಲಿ ಮೇಘಾಲಯದ ಪ್ರಬಲ ಶಕ್ತಿಗಳಲ್ಲಿ ಒಂದಾಗಿ ಬೆಳೆಯಿತು. ಆದರೆ 2014-15ರಲ್ಲಿ ವಾಹಿಂಗ್ಡೋ ಐ-ಲೀಗ್‌ನಲ್ಲಿ ಮೂರನೇ ಸ್ಥಾನ ಪಡೆದು ದೇಶದ ಗಮನ ಸೆಳೆದಾಗ ತರಬೇತುದಾರನ ಪೀಠದಲ್ಲಿದ್ದವರು ಸಂತೋಷ್ ಕಶ್ಯಪ್. ಬಿತ್ತಿದವರೊಬ್ಬರು, ಕೊಯ್ದವರು ಇನ್ನೊಬ್ಬರು ಎಂಬಂತಾಯಿತು. ಕೋಲ್ಕತಾದ ಭವಾನಿಪುರ, ದೆಹಲಿಯ ಸುದೇವ ಮೂನ್‌ಲೈಟ್ ಮುಂತಾದ ಕ್ಲಬ್‌ಗಳಲ್ಲಿಯೂ ಚಾಪ್‌ಮನ್ ದುಡಿದರು. ಕೊನೆಯ ವರ್ಷಗಳಲ್ಲಿ ಕೋಯಿಕ್ಕೋಡಿನ ಕ್ವಾರ್ಟ್ಜ್ ಎಫ್‌ಸಿಯ ತಾಂತ್ರಿಕ ನಿರ್ದೇಶಕರಾಗಿದ್ದರು. ಆಟಗಾರರಾಗಿ ಬೆಳಗಿದ ದೊಡ್ಡ ಕ್ಲಬ್‌ಗಳ ಮುಖ್ಯ ತರಬೇತುದಾರನ ಹುದ್ದೆ ಮಾತ್ರ ಅವರಿಗೆ ಒಲಿಯಲಿಲ್ಲ.

2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ಅವರು ನಿಧನರಾದರು. ಆಗ ಅವರಿಗೆ 49 ವರ್ಷ. 1968-69ರ ನಂತರ ಕೈಗೆಟುಕದಿದ್ದ ಸಂತೋಷ್ ಟ್ರೋಫಿಯನ್ನು ಕರ್ನಾಟಕ 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ ಗೆದ್ದುಕೊಂಡಾಗ, ಎರಡೂ ರಾಜ್ಯಗಳ ಫುಟ್‌ಬಾಲನ್ನು ಬಲ್ಲ ಚಾಪ್‌ಮನ್ ಇರಲಿಲ್ಲ.