ಬಹದ್ದೂರ್ (ಬಿರುದು)

ಮಂಗೋಲ್ ಮತ್ತು ತುರ್ಕಿ ಬುಡಕಟ್ಟುಗಳಲ್ಲಿ ಶೂರನಿಗೆ ಸಲ್ಲುತ್ತಿದ್ದ ಬಿರುದು, ಮೂಲರೂಪ ಬಗತೂರ್. ಚಂಗೀಸ್ ಖಾನನ ತಂದೆ ಯೆಸುಗೆಯೂ ಬಗತೂರ್ ಎನಿಸಿಕೊಂಡವನು. ಪಾರಸಿ ಆಡಳಿತ ಭಾಷೆಯ ಮೂಲಕ ಭಾರತಕ್ಕೆ ಬಂದು, ಮೊಗಲರ ದರ್ಬಾರಿನಲ್ಲಿ 'ಖಾನ್' ಪದವಿಯ ಜೊತೆಗೂಡಿ ನೆಲೆಯೂರಿತು.

ಮೈಸೂರು ಸೀಮೆಯಲ್ಲಿ ಇದನ್ನು ಮನೆಮಾತಾಗಿಸಿದವನು ನವಾಬ್ ಹೈದರ್ ಅಲಿ ಖಾನ್ ಬಹದ್ದೂರ್ (ಮ. 1782). ಮರಾಠರನ್ನು ಎದುರಿಸಿ ನಿಂತದ್ದಕ್ಕಾಗಿ ಇಮ್ಮಡಿ ಕೃಷ್ಣರಾಜ ಒಡೆಯರು ಈ ಸೇನಾನಿಗೆ 'ಫತೇ ಹೈದರ್ ಬಹದ್ದೂರ್' ಎಂಬ ಬಿರುದಿತ್ತರು. ಹುಲ್ಲುಗಾವಲಿನ ಅಲೆಮಾರಿಗಳ ಗೌರವವೊಂದನ್ನು ಕನ್ನಡ ನಾಡಿನ ಅರಸರು ತಮ್ಮದಾಗಿಸಿಕೊಂಡು ಹಂಚಿದ್ದು ಇಲ್ಲಿ ಗಮನಿಸಬೇಕಾದ ಸಂಗತಿ. ಟಿಪ್ಪುವಿನ ಪತನದ ನಂತರವೂ ಅದು ಅಳಿಯಲಿಲ್ಲ. 1799ರಲ್ಲಿ ಬ್ರಿಟಿಷರೊಡನೆ ಆದ ಒಪ್ಪಂದದಲ್ಲಿ ಬಾಲಕ ಮುಮ್ಮಡಿ ಕೃಷ್ಣರಾಜರ ಹೆಸರಿನ ಕೊನೆಗೆ 'ಒಡೆಯರ್ ಬಹದ್ದೂರ್' ಎಂದೇ ಬರೆಯಲಾಗಿದೆ. ಅಚ್ಚಗನ್ನಡದ 'ಒಡೆಯ'ನ ಪಕ್ಕದಲ್ಲಿ ಮಂಗೋಲರ ವೀರ! ಜಯಚಾಮರಾಜರವರೆಗೂ ಈ ಜೋಡಿ ಉಳಿಯಿತು. ರಾಜವಂಶ ಬದಲಾದರೂ ದರ್ಬಾರಿನ ರೀತಿ ಮುಂದುವರಿದದ್ದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಡ.

ಬ್ರಿಟಿಷರ ಕಾಲದಲ್ಲಿ ರಾವ್ ಬಹದ್ದೂರ್, ಖಾನ್ ಬಹದ್ದೂರ್, ದಿವಾನ್ ಬಹದ್ದೂರ್ ಎಂದು ಅಧಿಕಾರಿಗಳಿಗೂ ಗಣ್ಯರಿಗೂ ಸಂದು, ಯುದ್ಧದ ನಂಟು ಕಳಚಿತು. ಸೇನೆ ಮತ್ತು ವಿದ್ಯೆಗೆ ಸಂಬಂಧಿಸಿದವನ್ನು ಬಿಟ್ಟು ಉಳಿದ ಬಿರುದುಗಳನ್ನು ಸರ್ಕಾರ ನೀಡುವುದನ್ನು ಸಂವಿಧಾನದ 18ನೇ ವಿಧಿ ನಿಷೇಧಿಸಿದೆ.