ಜಲಾನಯನ ಜಿಲ್ಲೆ: ಗೇಟು ಊರಿನದು, ನಿಯಮ ರಾಜ್ಯದ್ದು

ಅಮೆರಿಕದ ಮಿನ್ನೆಸೋಟ ರಾಜ್ಯದ ಹಿಬ್ಬಿಂಗ್ ಪಟ್ಟಣದ ಬಳಿ ಒಂದು ದಿಬ್ಬವಿದೆ. ಅದರ ಮೇಲೆ ಸುರಿದ ಮಳೆ ಮೂರು ದಾರಿ ಹಿಡಿಯುತ್ತದೆ. ಒಂದು ಪಾಲು ಉತ್ತರಕ್ಕೆ ಹಡ್ಸನ್ ಕೊಲ್ಲಿಗೆ, ಇನ್ನೊಂದು ಮಹಾಸರೋವರಗಳ ಮೂಲಕ ಅಟ್ಲಾಂಟಿಕ್‌ಗೆ, ಮತ್ತೊಂದು ಮಿಸಿಸಿಪ್ಪಿ ನದಿಯ ಜೊತೆ ಮೆಕ್ಸಿಕೋ ಕೊಲ್ಲಿಗೆ. ರಾಜ್ಯವನ್ನು 87 ಕೌಂಟಿಗಳಾಗಿ ಹಂಚಿದವರು ಈ ಹರಿವನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಎಷ್ಟೋ ಗಡಿಗಳು ನಕ್ಷೆಯ ಮೇಲೆ ಎಳೆದ ನೇರ ಗೆರೆಗಳು. ಮೇಲಿನ ಕೌಂಟಿಯವರು ಕಾಲುವೆ ತೋಡಿದರೆ ಕೆಳಗಿನ ಕೌಂಟಿಯ ಹೊಲ ಮುಳುಗುತ್ತಿತ್ತು. ಇದಕ್ಕೆ ಪರಿಹಾರವಾಗಿ ಬಂದದ್ದು 1955ರ ಜಲಾನಯನ ಕಾಯ್ದೆ.

ಏನಿದು ಜಲಾನಯನ ಜಿಲ್ಲೆ?

ಕರ್ನಾಟಕದಲ್ಲಿ ಜಲಾನಯನ ಎಂದರೆ ಬದು, ಕೃಷಿ ಹೊಂಡ, ಚೆಕ್ ಡ್ಯಾಂಗಳ ಇಲಾಖಾ ಯೋಜನೆ ಕಣ್ಮುಂದೆ ಬರುತ್ತದೆ. ಮಿನ್ನೆಸೋಟದಲ್ಲಿ ಅದು ಆಸ್ತಿ ತೆರಿಗೆ ಹಾಕುವ, ನಿಯಮ ಮಾಡುವ, ಕಟ್ಟಡಕ್ಕೆ ಪರವಾನಗಿ ಕೊಡುವ ಸ್ಥಳೀಯ ಸರ್ಕಾರ. ಗಡಿಯನ್ನು ಮಾತ್ರ ಮಳೆನೀರು ಹರಿಯುವ ದಿಕ್ಕು ನೋಡಿ ಗುರುತಿಸುತ್ತಾರೆ. ಇಂಥವು ಈಗ 45 ಇವೆ.

ಜಿಲ್ಲೆ ತಾನಾಗಿ ಹುಟ್ಟುವುದಿಲ್ಲ. ಕೌಂಟಿಗಳು, ನಗರಗಳು ಅಥವಾ ಅಲ್ಲೇ ವಾಸವಿರುವ ಕನಿಷ್ಠ 50 ಭೂಮಾಲೀಕರು ಅರ್ಜಿ ಹಾಕಬೇಕು. ರಾಜ್ಯದ ಮಂಡಳಿ ಸಾರ್ವಜನಿಕರ ಅಹವಾಲು ಕೇಳಿ ತೀರ್ಮಾನಿಸುತ್ತದೆ. ಬೇಡವೆನಿಸಿದರೆ ವಿಸರ್ಜನೆಗೂ ಅರ್ಜಿ ಹಾಕಬಹುದು. ಅದಕ್ಕೆ ಅಲ್ಲಿನ ನಿವಾಸಿ ಭೂಮಾಲೀಕರ ಪೈಕಿ ಶೇ. 25ರಷ್ಟು ಮಂದಿಯ ಸಹಿ ಬೇಕು. ಅಲ್ಲೂ ಕೊನೆಯ ಮಾತು ಮಂಡಳಿಯದ್ದೇ.

ಜಿಲ್ಲೆಯನ್ನು ನಡೆಸುವವರನ್ನು ಮ್ಯಾನೇಜರ್ ಎನ್ನುತ್ತಾರೆ. ಅವರನ್ನು ಜನ ಆರಿಸುವುದಿಲ್ಲ, ಕೌಂಟಿ ಆಡಳಿತ ನೇಮಿಸುತ್ತದೆ. ಮತ ಪಡೆಯದವರು ತೆರಿಗೆ ಹಾಕುವುದು ಸರಿಯೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯಲ್ಲಿ ಹುರುಳಿದೆ. ರಾಜ್ಯದ ಮೇಲುಸ್ತುವಾರಿ ಇರಬೇಕಾದ್ದಕ್ಕೆ ಇದೂ ಒಂದು ಕಾರಣ.

ಮೇಲಿರುವ ಮಂಡಳಿ

ಆ ಮಂಡಳಿಯ ಹೆಸರು ಜಲ ಮತ್ತು ಮಣ್ಣು ಸಂಪನ್ಮೂಲ ಮಂಡಳಿ. ಮೂರು ಹಳೆಯ ಸಂಸ್ಥೆಗಳನ್ನು ಸೇರಿಸಿ 1987ರಲ್ಲಿ ಕಟ್ಟಿದ್ದು. ಇದರ 20 ಸದಸ್ಯರಲ್ಲಿ ಕೌಂಟಿ, ನಗರ, ಮಣ್ಣು ಸಂರಕ್ಷಣಾ ಜಿಲ್ಲೆ ಮತ್ತು ಜಲಾನಯನ ಜಿಲ್ಲೆಗಳ ಪ್ರತಿನಿಧಿಗಳಿದ್ದಾರೆ, ಸಾಮಾನ್ಯ ನಾಗರಿಕರಿದ್ದಾರೆ. ಕೃಷಿ, ಆರೋಗ್ಯ, ನೈಸರ್ಗಿಕ ಸಂಪನ್ಮೂಲದಂಥ ಇಲಾಖೆಗಳೂ ಕೂರುತ್ತವೆ. ಅಂದರೆ ಪರೀಕ್ಷೆಗೆ ಒಳಗಾಗುವವರೇ ಪರೀಕ್ಷಕರ ಮೇಜಿನಲ್ಲೂ ಇದ್ದಾರೆ. ಇದನ್ನು ಸಡಿಲ ವ್ಯವಸ್ಥೆ ಎನ್ನಬಹುದು. ಆದರೆ ಊರಿನ ನೀರು ಗೊತ್ತಿಲ್ಲದವರು ರಾಜಧಾನಿಯಲ್ಲಿ ಕೂತು ಷರಾ ಬರೆಯುವುದಕ್ಕಿಂತ ಇದೇ ವಾಸಿ.

ಮಿನ್ನೆಟೊಂಕಾ ಸರೋವರದ ಗೇಟು

ಮಿನಿಯಾಪೊಲಿಸ್‌ನ ಪಶ್ಚಿಮಕ್ಕಿರುವ ಮಿನ್ನೆಟೊಂಕಾ ಸರೋವರದಿಂದ ಮಿನ್ನೆಹಾಹಾ ಹಳ್ಳ ಹೊರಡುತ್ತದೆ. ಸುಮಾರು 35 ಕಿ.ಮೀ. ಹರಿದು, ನಗರದೊಳಗೇ ಜಲಪಾತವಾಗಿ ಧುಮುಕಿ ಮಿಸಿಸಿಪ್ಪಿ ಸೇರುತ್ತದೆ. ಹಳ್ಳದ ಬಾಯಲ್ಲಿ ಗ್ರೇಸ್ ಬೇ ಎಂಬ ಪುಟ್ಟ ಅಣೆಕಟ್ಟು. ಮಳೆ ಜೋರಾದಾಗ ಸರೋವರದ ದಂಡೆಯವರಿಗೆ ಗೇಟು ತೆರೆಯಬೇಕು, ಹಳ್ಳದ ಪಕ್ಕದ ಮನೆಯವರಿಗೆ ಮುಚ್ಚಬೇಕು.

ಗೇಟು ಎತ್ತಿ ಇಳಿಸುವುದು 1967ರಲ್ಲಿ ಹುಟ್ಟಿದ ಮಿನ್ನೆಹಾಹಾ ಕ್ರೀಕ್ ಜಲಾನಯನ ಜಿಲ್ಲೆ. ಆದರೆ ಮನಸ್ಸು ಬಂದಂತೆ ಎತ್ತುವ ಹಾಗಿಲ್ಲ. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಒಪ್ಪಿದ ನಿಯಮಪಟ್ಟಿಯಿದೆ. ಸರೋವರದ ಮಟ್ಟ ಸಮುದ್ರಮಟ್ಟದಿಂದ 928.6 ಅಡಿಗಿಂತ ಕೆಳಗಿಳಿದರೆ ಗೇಟು ಮುಚ್ಚಬೇಕು.

ಜಗಳ ಬಂದಾಗ

ಎಲ್ಲ ಕಡೆ ಇಷ್ಟು ಸಲೀಸಲ್ಲ. ಉತ್ತರಕ್ಕೆ ಹರಿಯುವ ರೆಡ್ ನದಿಯ ಬಯಲು ಹಲಗೆಯಂತೆ ಸಮತಟ್ಟು, ಪ್ರವಾಹ ಅಲ್ಲಿಗೆ ಹೊಸದಲ್ಲ. ನೀರು ತಡೆದು ನಿಲ್ಲಿಸುವ ಕಟ್ಟೆಗಳು ಬೇಕೆಂದು ಜಲಾನಯನ ಜಿಲ್ಲೆಗಳು ಪಟ್ಟುಹಿಡಿದವು. ಜೌಗು ನೆಲ ಹಾಳಾಗುತ್ತದೆಂದು ಕಟ್ಟೆಗಳಿಗೆ ಪರವಾನಗಿ ಕೊಡುವ ಸರ್ಕಾರಿ ಇಲಾಖೆಗಳು ತಡೆದವು. 1997ರ ಮಹಾಪ್ರವಾಹ ಈಸ್ಟ್ ಗ್ರ್ಯಾಂಡ್ ಫೋರ್ಕ್ಸ್ ಪಟ್ಟಣವನ್ನು ಮುಳುಗಿಸಿತು. ಮರುವರ್ಷ ಡಿಸೆಂಬರ್‌ನಲ್ಲಿ ಮಧ್ಯಸ್ಥಿಕೆಯ ಒಪ್ಪಂದವಾಯಿತು: ಯೋಜನೆಯ ಮೊದಲ ದಿನದಿಂದಲೇ ಎರಡೂ ಕಡೆಯವರು ಒಟ್ಟಿಗೆ ಕೂರಬೇಕು, ಪ್ರವಾಹವೂ ತಗ್ಗಬೇಕು, ನಿಸರ್ಗವೂ ಉಳಿಯಬೇಕು.

ಯೋಜನೆ ಮತ್ತು ಹಣ

ಪ್ರತಿ ಜಿಲ್ಲೆಯೂ ಹತ್ತು ವರ್ಷದ ನೀರಿನ ಯೋಜನೆ ಬರೆದು ಮಂಡಳಿಯ ಒಪ್ಪಿಗೆ ಪಡೆಯಬೇಕು. ಮೊದಲು ಕೌಂಟಿಯದ್ದೊಂದು, ಜಿಲ್ಲೆಯದ್ದೊಂದು, ಮಣ್ಣು ಸಂರಕ್ಷಣೆಯವರದ್ದೊಂದು ಎಂದು ಒಂದೇ ನದಿಗೆ ಹಲವು ಯೋಜನೆಗಳಿದ್ದವು. 2012ರ ಶಾಸನದ ನಂತರ ‘ಒಂದು ಜಲಾನಯನ, ಒಂದು ಯೋಜನೆ’ ಎಂಬ ಕ್ರಮ ಬಂತು. ಕೆಲಸದ ಮೌಲ್ಯಮಾಪನಕ್ಕೂ ನಾಲ್ಕು ಹಂತಗಳಿವೆ. ಮೊದಲ ಹಂತ ವರದಿ ಸಲ್ಲಿಕೆಯ ತಪಾಸಣೆ, ಕೊನೆಯದು ದಂಡನೆ.

ದಂಡನೆಗಿಂತ ಗಟ್ಟಿ ಹಿಡಿತ ಅನುದಾನದ್ದು ಎಂದೇ ನನ್ನ ಎಣಿಕೆ. 2008ರಲ್ಲಿ ಮತದಾರರು ರಾಜ್ಯ ಸಂವಿಧಾನಕ್ಕೆ ತಿದ್ದುಪಡಿ ತಂದು, ಮಾರಾಟ ತೆರಿಗೆಯನ್ನು ಶೇಕಡಾ ಒಂದರ ಎಂಟನೇ ಮೂರರಷ್ಟು ತಾವಾಗಿ ಏರಿಸಿಕೊಂಡರು. ಅದರಲ್ಲಿ ಶೇ. 33 ಶುದ್ಧ ನೀರಿನ ನಿಧಿಗೆ ಹೋಗುತ್ತದೆ. ಒಪ್ಪಿಗೆ ಪಡೆದ ಯೋಜನೆ ಕೈಯಲ್ಲಿದ್ದರೆ ಈ ನಿಧಿಯಿಂದ ಜಲಾನಯನವಾರು ಅನುದಾನ ಸಿಗುತ್ತದೆ. ಆ ತೆರಿಗೆಯ ಅವಧಿ 2034ಕ್ಕೆ ಮುಗಿಯುತ್ತದೆ.