ದಾದಿಯ ಬೆರಳು ಮತ್ತು ಸೂಜಿಯ ಮೊನೆ

ಗಣಿ ಕುಸಿದರೆ ಅಥವಾ ಕಾರ್ಖಾನೆಯಲ್ಲಿ ಬಾಯ್ಲರು ಸಿಡಿದರೆ ಅದು ಅಪಘಾತವೆಂದು ಎಲ್ಲರೂ ಒಪ್ಪುತ್ತಾರೆ. ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ, ವಿಚಾರಣೆ ನಡೆಯುತ್ತದೆ. ಆದರೆ ರೋಗಿಗೆ ಇಂಜೆಕ್ಷನ್ ಕೊಟ್ಟ ದಾದಿ ಸೂಜಿಗೆ ಮುಚ್ಚಳ ಹಾಕುವಾಗ ಅದು ಅವಳ ಬೆರಳಿಗೇ ಚುಚ್ಚಿತೆನ್ನಿ. ಒಂದು ತೊಟ್ಟು ರಕ್ತ ಬರುತ್ತದೆ. ಹತ್ತಿಯಿಂದ ಒರೆಸಿಕೊಂಡು ಅವಳು ಮುಂದಿನ ಮಂಚಕ್ಕೆ ನಡೆಯುತ್ತಾಳೆ. ಇದನ್ನು ಅಪಘಾತವೆಂದು ಕರೆಯಲು ಲೋಕಕ್ಕೆ ಬಹಳ ಕಾಲ ಹಿಡಿಯಿತು. ಆ ಕಥೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಹೈದರಾಬಾದಿನಲ್ಲಿಯೇ.

1847ರಲ್ಲಿ ವಿಯೆನ್ನಾ ನಗರದಲ್ಲಿ ಯಾಕೋಬ್ ಕೊಲೆಚ್ಕಾ ಎಂಬ ವೈದ್ಯ ಪ್ರಾಧ್ಯಾಪಕರು ಶವಪರೀಕ್ಷೆ ಮಾಡಿಸುತ್ತಿದ್ದಾಗ ವಿದ್ಯಾರ್ಥಿಯ ಚಾಕು ಅವರ ಬೆರಳಿಗೆ ತಾಗಿತು. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಅವರ ಮಿತ್ರ ಸೆಮ್ಮೆಲ್ವೈಸ್, ಬಾಣಂತಿಯರನ್ನು ಕೊಲ್ಲುತ್ತಿದ್ದ ಜ್ವರಕ್ಕೂ ಈ ಸಾವಿಗೂ ಇದ್ದ ಹೋಲಿಕೆಯನ್ನು ಗುರುತಿಸಿ, ವೈದ್ಯರು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟಪ್ಪಣೆ ಮಾಡಿದರು. ಇದರಿಂದ ತಾಯಂದಿರ ಪ್ರಾಣ ಉಳಿಯಿತು. ಆದರೆ ಚಿಕಿತ್ಸೆ ಮಾಡುವವರ ಬೆರಳಿನ ಗಾಯ ಮತ್ತೆ ಮರೆವಿಗೆ ಸರಿಯಿತು.

ಗಾಜಿನ ಸಿರಿಂಜುಗಳ ಕಾಲ ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಒಂದೇ ಸೂಜಿಯನ್ನು ತೊಳೆದು, ಕುದಿಸಿ, ಮೊಂಡಾದರೆ ಮಸೆದು ಮತ್ತೆ ಬಳಸುತ್ತಿದ್ದರು. ಈ ಕೆಲಸದಲ್ಲಿ ಕೈಗೆ ಚುಚ್ಚಿಕೊಳ್ಳುವುದು ಸಾಮಾನ್ಯ ಸಂಗತಿ. ತಿಂಗಳುಗಳ ಮೇಲೆ ದಾದಿಗೆ ಕಾಮಾಲೆ ಬಂದರೆ ನೀರಿನ ದೋಷ, ಊಟದ ದೋಷ ಎನ್ನುತ್ತಿದ್ದರು. ಸೂಜಿಯ ನೆನಪು ಯಾರಿಗೂ ಬರುತ್ತಿರಲಿಲ್ಲ.

ಅಮೆರಿಕದ ವಿಜ್ಞಾನಿ ಬರೂಕ್ ಬ್ಲೂಂಬರ್ಗ್, ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬನ ರಕ್ತದಲ್ಲಿ ಕಂಡ ಹೊಸ ಪದಾರ್ಥವೊಂದರ ವಿಷಯವನ್ನು 1965ರಲ್ಲಿ ಪ್ರಕಟಿಸಿದರು. 1967ರಲ್ಲಿ ಅವರ ಪ್ರಯೋಗಾಲಯದಲ್ಲಿ ಈ ರಕ್ತದ ಮಾದರಿಗಳೊಡನೆ ದುಡಿಯುತ್ತಿದ್ದ ಬಾರ್ಬರಾ ವರ್ನರ್ ಅಸ್ವಸ್ಥರಾದರು. ತಮ್ಮ ರಕ್ತವನ್ನು ತಾವೇ ಪರೀಕ್ಷಿಸಿದಾಗ ಅದೇ ಪದಾರ್ಥ ಅಲ್ಲಿಯೂ ಸಿಕ್ಕಿತು. ಹೆಪಟೈಟಿಸ್ ಬಿ ವೈರಸ್ಸಿನ ಸುಳಿವು ದೊರೆಯಲು ಹೀಗೆ ಕೆಲಸಗಾರ್ತಿಯೊಬ್ಬರ ಕಾಯಿಲೆಯೂ ನೆರವಾಯಿತು. ಬ್ಲೂಂಬರ್ಗರಿಗೆ 1976ರಲ್ಲಿ ನೊಬೆಲ್ ಬಹುಮಾನ ಬಂದಿತು. ಈ ನಡುವೆ, 1969-70ರಲ್ಲಿ, ಎಡಿನ್‌ಬರೋ ನಗರದ ರಾಯಲ್ ಇನ್ಫರ್ಮರಿಯ ಡಯಾಲಿಸಿಸ್ ವಿಭಾಗದಲ್ಲಿ ಇದೇ ರೋಗ ಹಬ್ಬಿ, ರೋಗಿಗಳ ಜೊತೆಗೆ ಸಿಬ್ಬಂದಿಯವರೂ ಸತ್ತಿದ್ದರು.

ಈ ವೈರಸ್ಸು ಬಲು ಗಟ್ಟಿ. ಒಣಗಿದ ರಕ್ತದಲ್ಲಿಯೂ ಒಂದು ವಾರ ಬದುಕಬಲ್ಲದು. ಲಸಿಕೆ ಇಲ್ಲದ ನೂರು ಮಂದಿಗೆ ಸೋಂಕಿನ ಸೂಜಿ ಚುಚ್ಚಿದರೆ 6ರಿಂದ 30 ಮಂದಿಗೆ ಸೋಂಕು ತಗಲಬಹುದು. ಎಲ್ಲರೂ ಹೆದರುವ ಏಡ್ಸ್ ವೈರಸ್ಸಿನಿಂದ ಈ ಅಪಾಯ ಸಾವಿರಕ್ಕೆ ಸುಮಾರು 3 ಮಾತ್ರ.

1981ರಲ್ಲಿ ಅಮೆರಿಕದಲ್ಲಿ ಲಸಿಕೆಗೆ ಅನುಮತಿ ದೊರೆಯಿತು. 1986ರಲ್ಲಿ ಯೀಸ್ಟ್ ಕಣಗಳಿಂದ ತಯಾರಿಸಿದ ಲಸಿಕೆ ಬಂದಿತು. ಆದರೆ ಭಾರತದಲ್ಲಿ ಆಮದು ಲಸಿಕೆಯ ಒಂದು ಡೋಸಿಗೆ ನೂರಾರು ರೂಪಾಯಿ. ಬೇಕಾದದ್ದು ಮೂರು ಡೋಸು. ಸಾಮಾನ್ಯ ದಾದಿಯ ಸಂಬಳದಲ್ಲಿ ಇದು ಎಟುಕುವ ಮಾತೇ?

ಇಲ್ಲಿಂದ ಹೈದರಾಬಾದಿನ ಅಧ್ಯಾಯ. ವರಪ್ರಸಾದ ರೆಡ್ಡಿ ಎಂಬ ಎಲೆಕ್ಟ್ರಾನಿಕ್ಸ್ ಎಂಜಿನಿಯರರು ಈ ಲಸಿಕೆಯ ವಿದ್ಯೆಯನ್ನು ಕೊಳ್ಳಲು ವಿದೇಶಿ ಕಂಪನಿಯೊಂದನ್ನು ಕೇಳಿ, ಉಪೇಕ್ಷೆಯ ಉತ್ತರ ಪಡೆದರು. ಛಲ ಬಿಡದೆ 1993ರಲ್ಲಿ ತಾಯಿಯ ಹೆಸರಿನಲ್ಲಿ ಶಾಂತಾ ಬಯೋಟೆಕ್ನಿಕ್ಸ್ ಸ್ಥಾಪಿಸಿದರು. ಉಸ್ಮಾನಿಯಾ ವಿಶ್ವವಿದ್ಯಾಲಯ ಮತ್ತು ಕೋಶೀಯ ಹಾಗೂ ಅಣುಜೀವಶಾಸ್ತ್ರ ಕೇಂದ್ರ, ಅಂದರೆ ಸಿಸಿಎಂಬಿ, ಆರಂಭದ ಪ್ರಯೋಗಗಳಿಗೆ ನೆಲೆ ಕೊಟ್ಟವು. ಹಣದ ನೆರವು ಒಮಾನ್ ದೇಶದಿಂದ ಬಂದಿತು. 1997ರ ಆಗಸ್ಟಿನಲ್ಲಿ ಶಾನ್‌ವ್ಯಾಕ್-ಬಿ ಹೊರಬಂದಾಗ ಡೋಸಿನ ಬೆಲೆ ಸುಮಾರು 50 ರೂಪಾಯಿ! ಬಳಿಕ ಇದೇ ನಗರದ ಭಾರತ್ ಬಯೋಟೆಕ್ ಮೊದಲಾದವೂ ಈ ಲಸಿಕೆ ತಯಾರಿಸಿದವು.

ಹಾಗಾದರೆ ಸಮಸ್ಯೆ ಮುಗಿಯಿತೆ? ಇಲ್ಲ. ಭಾರತದಲ್ಲಿ ಶಿಶುಗಳಿಗೆ ಈ ಲಸಿಕೆ ಕೊಡುವ ಕಾರ್ಯಕ್ರಮ 2002ರಲ್ಲಿ ಕೆಲವೆಡೆ ಆರಂಭವಾಗಿ, ದೇಶವನ್ನೆಲ್ಲ ವ್ಯಾಪಿಸಿದ್ದು 2011ರ ಸುಮಾರಿಗೆ. ಇಂದು ವಾರ್ಡುಗಳಲ್ಲಿ ದುಡಿಯುವ ದಾದಿಯರಲ್ಲಿ ಹೆಚ್ಚಿನವರು ಹುಟ್ಟಿದ್ದು ಅದಕ್ಕೂ ಮುಂಚೆ. ತೊಟ್ಟಿಲಲ್ಲಿ ಸಿಗದ ಲಸಿಕೆ ಅವರಿಗೆ ನೌಕರಿಯಲ್ಲಾದರೂ ಸಿಗಬೇಕು. ಅಮೆರಿಕದಲ್ಲಿ 1991ರ ನಿಯಮವು ಅದನ್ನು ಉಚಿತವಾಗಿ ಒದಗಿಸುವುದು ಮಾಲೀಕನ ಹೊಣೆಯೆಂದಿತು. ಅಲ್ಲಿ ಆರೋಗ್ಯ ನೌಕರರ ಸೋಂಕು 1983ರಲ್ಲಿ ಸುಮಾರು 17,000 ಇದ್ದದ್ದು 1995ರಲ್ಲಿ ಸುಮಾರು 400ಕ್ಕೆ ಇಳಿಯಿತು. ನಮ್ಮಲ್ಲಿ 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವೂ ಆರೋಗ್ಯ ನೌಕರರ ಲಸಿಕೆಯನ್ನು ಒಳಗೊಂಡಿದೆ. ಅಂದು ಬ್ಲೂಂಬರ್ಗರ ಜನ್ಮದಿನ.

ಇನ್ನೊಂದು ಮಾತು. ನಾವು ಗುಮಾಸ್ತರು ಬಲ್ಲ ಒಂದು ಸತ್ಯವಿದೆ: ಕಡತದಲ್ಲಿ ಇಲ್ಲದ್ದು ಸರ್ಕಾರದ ಪಾಲಿಗೆ ನಡೆದೇ ಇಲ್ಲ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ, ಸೋಂಕಿನ ವಿಶೇಷ ಅಪಾಯವಿರುವ ಉದ್ಯೋಗಗಳಿಂದ ಬರುವ ರೋಗಗಳೂ ಸೇರಿದ್ದವು. ಆದರೆ ಸೂಜಿ ಚುಚ್ಚಿದ ದಿನಾಂಕ, ರೋಗಿಯ ವಿವರ, ಅಂದಿನ ರಕ್ತಪರೀಕ್ಷೆ ಯಾವುದೂ ದಾಖಲಾಗದಿದ್ದರೆ ಐದು ವರ್ಷದ ಮೇಲೆ ಕಾಯಿಲೆ ಬಿದ್ದವಳು ಏನನ್ನು ತೋರಿಸಿ ಪರಿಹಾರ ಕೇಳಬೇಕು? ಬೈಗುಳಕ್ಕೆ ಅಂಜಿ, "ನಿನ್ನದೇ ಅಜಾಗ್ರತೆ" ಎಂಬ ಮಾತಿಗೆ ಅಂಜಿ ಎಷ್ಟೋ ಮಂದಿ ಬಾಯಿ ಬಿಡುವುದಿಲ್ಲ. ಮೌನದಿಂದ ಚಿಕಿತ್ಸೆಗೂ ಕುತ್ತು: ಏಡ್ಸ್ ತಡೆಯುವ ಮಾತ್ರೆಯನ್ನು ಸಾಧ್ಯವಾದಷ್ಟು ಬೇಗ, ತಡವಾದರೂ 72 ಗಂಟೆಯೊಳಗೆ ಆರಂಭಿಸಬೇಕು.

ನಮ್ಮ ಸಂಘದ ಕುಟುಂಬಗಳ ಹೆಣ್ಣುಮಕ್ಕಳು ಆಸ್ಪತ್ರೆಯ ಕೆಲಸದಲ್ಲಿದ್ದರೆ ಮೂರು ಪ್ರಶ್ನೆ ಕೇಳಿರಿ. ಮೂರೂ ಡೋಸು ಆಗಿವೆಯೆ? ಸೂಜಿಗೆ ಮತ್ತೆ ಮುಚ್ಚಳ ಹಾಕದೆ ನೇರವಾಗಿ ಗಟ್ಟಿ ಡಬ್ಬಿಗೆ ಹಾಕುವ ವ್ಯವಸ್ಥೆ ಇದೆಯೆ? ಚುಚ್ಚಿದರೆ ಬರೆದಿಡಲು ಒಂದು ರಿಜಿಸ್ಟರ್ ಇದೆಯೆ? ಆಯಾ, ಜಾಡಮಾಲಿ, ಕಸ ಒಯ್ಯುವವರ ಪರವಾಗಿಯೂ ಇದನ್ನೇ ಕೇಳಬೇಕು. ಬಳಸಿದ ಸೂಜಿಗಳು ಕೊನೆಗೆ ಸೇರುವುದು ಅವರ ಕೈಯನ್ನೇ. ಲಸಿಕೆ ನಮ್ಮ ಊರಲ್ಲೇ ತಯಾರಾಗುತ್ತದೆ. ರಿಜಿಸ್ಟರಿಗೆ ಬೇಕಾದದ್ದು ಒಂದು ಪುಸ್ತಕ, ಒಂದು ಪೆನ್ನು ಮತ್ತು ಬೈಯದೆ ಬರೆದುಕೊಳ್ಳುವ ಒಬ್ಬ ಅಧಿಕಾರಿ.